ಚಿಕ್ಕಪೇಟೆಯ ಹಳೇ ಮನೆ, ಕ್ಯಾತ್ಸಂದ್ರದ ಹೊಸ ಶೆಡ್ಡು: ಎರಡೂ ಕಡೆ ಹೋಗಿ ನೋಡಿ ಬಂದೆ

ತುಮಕೂರು ಚಿಕ್ಕಪೇಟೆಯಲ್ಲಿ ನಮ್ಮ ಸೇವಾ ಸಂಘದ ಹಳೇ ಕಟ್ಟಡ ಮತ್ತೆ ಬಾಗಿಲು ತೆಗೆದು ಎರಡು ತಿಂಗಳಾಯಿತು. ಒಳಗೆ ಏನು ಮಾಡಿದ್ದಾರೆ, ಯಾರು ಬೇಕಾದರೂ ಹೋಗಬಹುದಾ, ಮಕ್ಕಳ ತರಗತಿಗಳು ಎಲ್ಲಿ ಹೋದವು ಅಂತ ನನ್ನ ಅಂಗಡಿಗೆ ಬರುವವರೆಲ್ಲ ಕೇಳುತ್ತಾರೆ. ಹಳೇ ಮನೆಗೆ ನಾಲ್ಕು ಸಲ ಹೋದೆ. ಮಕ್ಕಳು ಈಗ ಹೋಗುತ್ತಿರುವ ಕ್ಯಾತ್ಸಂದ್ರದ ಶೆಡ್ಡಿಗೆ ಮೂರು ಸಲ ಹೋದೆ. ಕಂಡದ್ದನ್ನು ಕಂಡ ಹಾಗೆ ಬರೆಯುತ್ತೇನೆ.

ನನಗೆ ಈ ಮನೆಯ ಋಣ ಇದೆ, ಅದನ್ನು ಮೊದಲೇ ಹೇಳಿಬಿಡಬೇಕು. 1992ರಲ್ಲಿ ಪಿಯುಸಿ ಮುಗಿಸಿ ಮನೆಯಲ್ಲಿ ಸುಮ್ನೆ ಕೂತಿದ್ದೆ. ಅಪ್ಪ ಕರೆದುಕೊಂಡು ಹೋಗಿ ಇಲ್ಲಿ ಕನ್ನಡ ಟೈಪಿಂಗಿಗೆ ಸೇರಿಸಿದರು. ತಿಂಗಳಿಗೆ 20 ರೂಪಾಯಿ ಫೀಸು. ಕೊಡಲಾಗದವರ ಹತ್ತಿರ ಮೇಷ್ಟ್ರು ಕೇಳುತ್ತಲೇ ಇರಲಿಲ್ಲ. ಜೂನಿಯರ್, ಸೀನಿಯರ್ ಎರಡೂ ಪಾಸಾದೆ. ಕೋರ್ಟಿನ ಹತ್ತಿರ ಅರ್ಜಿ, ಕರಾರು ಪತ್ರ ಹೊಡೆದುಕೊಡುತ್ತಾ ಜೀವನ ಶುರು ಮಾಡಿದೆ. ಈಗ ಸ್ವಂತ ಜೆರಾಕ್ಸ್ ಅಂಗಡಿ ಇದೆ. ನಮ್ಮ ಮನೆಯ ಅನ್ನ ಈ ಕಟ್ಟಡದಿಂದ ಬಂದದ್ದು.

ಇದು ಮೊದಲು ಛತ್ರ ಆಗಿತ್ತಂತೆ. ಸಂತೆಗೆ, ಕಚೇರಿ ಕೆಲಸಕ್ಕೆ ಬಂದವರು ರಾತ್ರಿ ಉಳಿಯುತ್ತಿದ್ದರು. ಆಮೇಲೆ ಪಾವಗಡ, ಮಧುಗಿರಿ, ಶಿರಾ ಕಡೆಯಿಂದ ಓದಲು ಬಂದ ಹುಡುಗರಿಗೆ ಉಚಿತ ಹಾಸ್ಟೆಲ್ ಆಯಿತು. ನನ್ನ ಕಾಲಕ್ಕೆ ಟೈಪಿಂಗ್, ಹೊಲಿಗೆ, ಸಂಜೆ ಪಾಠ ಇದ್ದವು. ತುಮಕೂರಿನವರಿಗೆ ಇಂಥದ್ದು ಹೊಸದಲ್ಲ. ಸಿದ್ಧಗಂಗೆಯಲ್ಲಿ ಸಾವಿರಾರು ಮಕ್ಕಳು ಉಂಡು, ಓದಿ, ದೊಡ್ಡವರಾಗಿ ಹೋಗುವುದನ್ನು ನೋಡುತ್ತಾ ಬೆಳೆದವರು ನಾವು. 2019ರ ಜನವರಿ 21ರಂದು ಶಿವಕುಮಾರ ಸ್ವಾಮೀಜಿ 111ನೇ ವಯಸ್ಸಿನಲ್ಲಿ ಲಿಂಗೈಕ್ಯರಾದರಲ್ಲ, ಆಗ ದರ್ಶನಕ್ಕೆ ಅಂತ ಊರಿಗೆ ಬಂದವರಿಗೆ ಇದೇ ಜಗಲಿ ಮೇಲೆ ನಿಂತು ಮಜ್ಜಿಗೆ ಕೊಟ್ಟೆವು. ಹಂಡೆ ಖಾಲಿಯಾದ ಹಾಗೆಲ್ಲ ಬೀದಿಯ ಯಾವುದೋ ಮನೆಯಿಂದ ಇನ್ನೊಂದು ಹಂಡೆ ಬರುತ್ತಿತ್ತು.

ಮೂರು ವರ್ಷದ ಹಿಂದೆ ಈ ಬಾಗಿಲಿಗೆ ಬೀಗ ಬಿದ್ದಾಗ, ಮುಗಿಯಿತು, ಇನ್ನು ಇಲ್ಲೊಂದು ಕಾಂಪ್ಲೆಕ್ಸ್ ಏಳುತ್ತದೆ ಅಂದುಕೊಂಡೆವು. ಸರ್ವಸದಸ್ಯರ ಸಭೆಯಲ್ಲಿ ಆ ಮಾತು ಬಂದಿದ್ದು ನಿಜ. ನಾನು ಆಜೀವ ಸದಸ್ಯೆ, ಸಭೆಯಲ್ಲಿದ್ದೆ. ಮಾಳಿಗೆ ಸೋರುತ್ತಿತ್ತು. ಗೋಡೆ ಬುಡದಲ್ಲಿ ಗಾರೆ ಉದುರುತ್ತಿತ್ತು. ಮೂರು ಕೋಣೆಯಲ್ಲಿ ತೊಂಬತ್ತು ಮಕ್ಕಳು. ಮಳೆಗಾಲದಲ್ಲಿ ಒಂದು ಕೋಣೆ ಮುಚ್ಚಿದರೆ ಉಳಿದ ಎರಡರಲ್ಲಿ ಉಸಿರು ಕಟ್ಟುತ್ತಿತ್ತು. ಮಾರಬೇಡಿ, ಮಕ್ಕಳನ್ನು ಬೇರೆ ಕಡೆ ಕೂರಿಸಿ, ಮನೆ ರಿಪೇರಿ ಮಾಡಿ, ಅದರಿಂದ ಬರುವ ದುಡ್ಡಲ್ಲಿ ಮಕ್ಕಳ ಕೆಲಸ ನಡೆಸಿ ಅಂತ ಕೊನೆಗೆ ತೀರ್ಮಾನ ಆಯಿತು. ಕೈ ಎತ್ತಿದವರಲ್ಲಿ ನಾನೂ ಒಬ್ಬಳು. ಹಾಗಾಗಿ ಅದರಲ್ಲಿ ಏನು ಸರಿಹೋಗಿದೆ, ಏನು ಇಲ್ಲ ಅಂತ ಹೇಳುವ ಜವಾಬ್ದಾರಿಯೂ ನನಗಿದೆ ಅಂದುಕೊಂಡಿದ್ದೇನೆ.

ರಿಪೇರಿ ಮಾತ್ರ ತುಂಬಾ ಚೆನ್ನಾಗಿ ಆಗಿದೆ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ನಮ್ಮ ಪೇಟೆಯಲ್ಲಿ ಇನ್ನೂ ಎಷ್ಟೋ ಹಳೇ ಮನೆಗಳಿವೆ.

ಹಿಂದೊಮ್ಮೆ ಯಾರೋ ಒಳ್ಳೆಯದಕ್ಕೇ ಅಂತ ಸುಣ್ಣದ ಗಾರೆಯ ಮೇಲೆ ಸಿಮೆಂಟ್ ಹೊಡೆಸಿದ್ದರು. ಅದೇ ಗೋಡೆಗೆ ಮುಳುವಾಯಿತು. ನೆಲದಿಂದ ಗೋಡೆಗೆ ಏರುವ ತೇವ ಸುಣ್ಣದ ಗಾರೆ ಇದ್ದರೆ ತಾನಾಗಿ ಆರಿ ಹೋಗುತ್ತದೆ. ಸಿಮೆಂಟ್ ಅದನ್ನು ಹೊರಗೆ ಬಿಡುವುದಿಲ್ಲ. ತೇವ ಒಳಗೇ ನಿಂತು ಇಟ್ಟಿಗೆಯನ್ನು ತಿನ್ನುತ್ತದೆ. ಈ ಸಲ ಸಿಮೆಂಟನ್ನೆಲ್ಲ ಕಿತ್ತು ಮತ್ತೆ ಸುಣ್ಣದ್ದೇ ಗಾರೆ ಮಾಡಿದ್ದಾರೆ. ಕೆಲಸ ನಡೆಯುವಾಗ ಒಂದು ಮಧ್ಯಾಹ್ನ ಹೋಗಿದ್ದೆ. ಮನೆ ನಡುವಿನ ತೊಟ್ಟಿ ಅಂಗಳದಲ್ಲಿ ಗುಂಡಿ ತೆಗೆದು ಸುಣ್ಣ ಅರಳಿಸಿ ನೀರಲ್ಲಿ ಮುಳುಗಿಸಿಟ್ಟಿದ್ದರು. ಪಕ್ಕದ ಡ್ರಮ್ಮಿನಲ್ಲಿ ಬೆಲ್ಲ, ಅಳಲೆಕಾಯಿ ನೆನೆಸಿದ ನೀರು. ಕಬ್ಬಿನ ಗಾಣದ ಹತ್ತಿರ ಬರುವಂಥ ಹುಳಿ ಸಿಹಿ ವಾಸನೆ ಮನೆ ತುಂಬಾ. ಗಾರೆ ಕೆಲಸದ ತಾತ ಹಿಂದಿನ ವಾರ ಮೆತ್ತಿದ ಗೋಡೆಗೆ ಹೆಬ್ಬೆರಳು ಒತ್ತಿ ನೋಡುತ್ತಿದ್ದರು. ಬೆರಳಿನ ಗುರುತು ಬಿದ್ದರೆ ಅಲ್ಲಿಗೆ ಕೈ ಹಾಕುತ್ತಿರಲಿಲ್ಲ, ಮುಂದಕ್ಕೆ ಹೋಗುತ್ತಿದ್ದರು.

"ಇನ್ನೆಷ್ಟು ದಿನ ತಾತ?" ಅಂದೆ.

"ಸುಣ್ಣ ಹೇಳ್ಬೇಕು ಕಣಮ್ಮ, ನಾನು ಹೇಳೋಕಾಗಲ್ಲ" ಅಂದರು.

ನಡುಮನೆಯ ಮೇಲಿರುವುದು ಮದ್ರಾಸ್ ಟೆರೇಸ್. ತೇಗದ ತೊಲೆಗಳ ಮೇಲೆ ಸಣ್ಣ ಇಟ್ಟಿಗೆಗಳನ್ನು ಅಂಚಿನ ಮೇಲೆ ನಿಲ್ಲಿಸಿ, ಸುಣ್ಣ ಹಾಕಿ ಕಟ್ಟುವ ಮಾಳಿಗೆ. ಎರಡು ತೊಲೆ ಗೆದ್ದಲು ತಿಂದಿದ್ದವು, ಅವನ್ನು ಬದಲಾಯಿಸಿದ್ದಾರೆ. ಹೊಸ ತೊಲೆಗೆ ಹಳೇ ಬಣ್ಣ ಬಳಿದು ಮುಚ್ಚಿಲ್ಲ. ಯಾವುದು ಹೊಸದು ಅಂತ ತಲೆ ಎತ್ತಿದರೆ ಗೊತ್ತಾಗುತ್ತದೆ. ನನಗೆ ಇದು ಇಷ್ಟವಾಯಿತು. ಹಿಂದಿನ ಪಡಸಾಲೆಗೆ ಮಂಗಳೂರು ಹೆಂಚು. 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಲ್ಲಿ ಕಾರ್ಖಾನೆ ಹಾಕಿದ ಮೇಲೆ ಈ ಹೆಂಚು ಘಟ್ಟ ಹತ್ತಿ ನಮ್ಮ ಕಡೆಗೂ ಬಂತು. ಒಡೆಯದ ಹೆಂಚುಗಳನ್ನೆಲ್ಲ ತೊಳೆದು ಮತ್ತೆ ಹೊದಿಸಿದ್ದಾರೆ. ನಡುನಡುವೆ ನಾಲ್ಕು ಗಾಜಿನ ಹೆಂಚು. ಹಗಲು ಹೊತ್ತು ಅಲ್ಲಿ ದೀಪವೇ ಬೇಡ.

ಈಗ ಒಳಗೆ ಏನಿದೆ ಅಂತ ಹೇಳುತ್ತೇನೆ.

ನಡುಮನೆ ಓದುವ ಕೋಣೆಯಾಗಿದೆ. 48 ಸೀಟು. ಬೆಳಗ್ಗೆ 7ರಿಂದ ರಾತ್ರಿ 9ರವರೆಗೆ. ತಿಂಗಳಿಗೆ 200 ರೂಪಾಯಿ, ಬಿಪಿಎಲ್ ಕಾರ್ಡ್ ತೋರಿಸಿದರೆ ದುಡ್ಡಿಲ್ಲ. ಎಫ್‌ಡಿಎ, ಪಿಎಸ್‌ಐ, ಶಿಕ್ಷಕರ ಟಿಇಟಿ ಅಂತ ಸರ್ಕಾರಿ ಕೆಲಸದ ಪರೀಕ್ಷೆಗೆ ಓದುವ ಹುಡುಗ ಹುಡುಗಿಯರೇ ಜಾಸ್ತಿ. ನನ್ನ ಅಂಗಡಿಗೆ ಹಾಲ್ ಟಿಕೆಟ್ ಪ್ರಿಂಟ್ ತೆಗೆಸಲು ಬರುವ ಒಬ್ಬ ಹುಡುಗ ಮೊದಲು ಬೇರೆ ಕಡೆ ಇದರ ನಾಲ್ಕರಷ್ಟು ಕೊಡುತ್ತಿದ್ದನಂತೆ. ಅವನು ಈಗ ಇಲ್ಲೇ. ಗೋಡೆ ದಪ್ಪ ಇರುವುದರಿಂದ ಏಪ್ರಿಲ್ ಬಿಸಿಲಲ್ಲೂ ಒಳಗೆ ತಂಪು. ಹೆಣ್ಣುಮಕ್ಕಳಿಗೆ ಬೇರೆ ಶೌಚಾಲಯ ಇದೆ, ಒಳಗಿನಿಂದ ಚಿಲಕ ಸರಿಯಾಗಿ ಬೀಳುತ್ತದೆ, ನೀರು ಬರುತ್ತದೆ. ಇದನ್ನೇನು ಬರೆಯುವುದು ಅಂತ ಗಂಡಸರಿಗೆ ಅನಿಸಬಹುದು. ಇಡೀ ದಿನ ಕೂತು ಓದುವ ಹುಡುಗಿಯನ್ನು ಕೇಳಿ ನೋಡಿ.

ಕುರ್ಚಿ ಮಾತ್ರ ಸರಿಯಿಲ್ಲ. ಮದುವೆ ಮನೆಯ ಪ್ಲಾಸ್ಟಿಕ್ ಕುರ್ಚಿ ಹಾಕಿದ್ದಾರೆ. ಅದರಲ್ಲಿ ಎರಡು ಗಂಟೆ ಕೂತರೆ ಬೆನ್ನು ಹಿಡಿಯುತ್ತದೆ. ಇಷ್ಟೆಲ್ಲಾ ಮಾಡಿದವರು ಕುರ್ಚಿಗೆ ಕೈ ಬಿಗಿ ಹಿಡಿಯಬಾರದಿತ್ತು.

ಜಗಲಿ ಮತ್ತು ಮುಂದಿನ ಕೋಣೆಯಲ್ಲಿ ಒಂದು ಸ್ತ್ರೀಶಕ್ತಿ ಗುಂಪಿನವರು ಕ್ಯಾಂಟೀನ್ ನಡೆಸುತ್ತಾರೆ. ಬೆಳಗ್ಗೆ ತಟ್ಟೆ ಇಡ್ಲಿ. ಮೇಲೆ ಒಂದು ಚೂರು ಬೆಣ್ಣೆ, ಹುರಿಗಡಲೆ ಚಟ್ನಿ. ಒಂದಕ್ಕೆ 20 ರೂಪಾಯಿ. ಇಡ್ಲಿ ಮೆತ್ತಗಿದೆ, ಕೈಗೆ ಅಂಟುವುದಿಲ್ಲ. ಮಂಗಳವಾರ, ಶುಕ್ರವಾರ ಮಧ್ಯಾಹ್ನ ಮುದ್ದೆ, ಬಸ್ಸಾರು. ಮುದ್ದೆ ಗಂಟಿಲ್ಲದೆ ನುಣ್ಣಗಿತ್ತು. ಸಾರಿಗೆ ಖಾರ ಸ್ವಲ್ಪ ಜಾಸ್ತಿ. ಓದುವ ಮಕ್ಕಳಿಗೆ ಊಟಕ್ಕೆ ಹತ್ತು ರೂಪಾಯಿ ಕಡಿಮೆ ಮಾಡುತ್ತಾರೆ. ಕಾಫಿ ಸ್ಟೀಲ್ ಲೋಟದಲ್ಲೇ ಕೊಡುತ್ತಾರೆ.

ಹಿಂದಿನ ಪಡಸಾಲೆ ನಾಮಕರಣ, ನಿಶ್ಚಿತಾರ್ಥದಂಥ ಸಣ್ಣ ಕಾರ್ಯಕ್ರಮಕ್ಕೆ ಬಾಡಿಗೆಗೆ. 150 ಜನ ಆರಾಮಾಗಿ ಕೂರಬಹುದು. ದಿನಕ್ಕೆ 8,000. ಸಂಘ ನಡೆಯುತ್ತಿರುವುದೇ ಈ ಬಾಡಿಗೆಯಿಂದ. ಶೆಡ್ಡಿನ ಬಾಡಿಗೆ, ಪಾಠ ಹೇಳುವವರ ಸಂಬಳ ಎಲ್ಲಾ ಇದರಲ್ಲೇ. ಸಂಘಗಳ ನೋಂದಣಿ ಕಾಯ್ದೆ 1960ರದ್ದು. ಅದರ ಪ್ರಕಾರ ಸಂಘ ವರ್ಷಕ್ಕೊಮ್ಮೆ ಲೆಕ್ಕ ಒಪ್ಪಿಸಬೇಕು. ಇವರು ತಿಂಗಳು ತಿಂಗಳೂ ಲೆಕ್ಕ ಬರೆದು ಜಗಲಿ ಗೋಡೆಯ ಹಲಗೆಗೆ ಹಚ್ಚುತ್ತಾರೆ. ಪಡಸಾಲೆಯಿಂದ ಎಷ್ಟು ಬಂತು, ಮಕ್ಕಳಿಗೆ ಎಷ್ಟು ಹೋಯಿತು ಅಂತ ಬೀದಿಯಲ್ಲಿ ಹೋಗುವವರೂ ನಿಂತು ಓದಬಹುದು. ನಾನು ನಿಂತು ಓದಿದೆ, ಕೂಡಿಸಿಯೂ ನೋಡಿದೆ. ಸರಿಯಾಗಿದೆ.

ಒಂದು ಎಡವಟ್ಟು ಇದೆ. ಭಾನುವಾರ ಪಡಸಾಲೆಯಲ್ಲಿ ಕಾರ್ಯಕ್ರಮ ಇದ್ದರೆ ಮೈಕಿನ ಸದ್ದು ನೇರ ಓದುವ ಕೋಣೆಗೆ ಬರುತ್ತದೆ. ಪರೀಕ್ಷೆ ಹತ್ತಿರ ಇರುವವರು ಪುಸ್ತಕ ಮಡಚಿಕೊಂಡು ಅಮಾನಿಕೆರೆ ಏರಿ ಕಡೆ ಹೋಗುವುದನ್ನು ನಾನೇ ನೋಡಿದೆ. ಮಧ್ಯದ ಬಾಗಿಲಿಗೆ ದಪ್ಪ ಹಲಗೆ ಹಾಕಿಸಿದರೆ ಅರ್ಧ ಸದ್ದು ಕಡಿಮೆ ಆಗುತ್ತದೆ. ಮೈಕು ಬೇಡ ಅಂತ ಬಾಡಿಗೆ ಕರಾರಿನಲ್ಲೇ ಬರೆದರೆ ಇನ್ನೂ ಒಳ್ಳೆಯದು.

ಓದುವ ಕೋಣೆಯ ಮೂಲೆಯಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಒಂದು ಹಳೇ ರೆಮಿಂಗ್ಟನ್ ಕನ್ನಡ ಟೈಪ್‌ರೈಟರ್ ಇಟ್ಟಿದ್ದಾರೆ. ನಮ್ಮ ಕಾಲದ ಮೂರನೇ ಮಿಷಿನ್ನು. ಸ್ಪೇಸ್ ಬಾರಿನ ಬಲಗಡೆ ಬಣ್ಣ ಹೋಗಿ ಲೋಹ ಕಾಣುತ್ತಿತ್ತಲ್ಲ, ಅದರಿಂದ ಗುರುತು ಸಿಕ್ಕಿತು. ಎಷ್ಟು ಹುಡುಗಿಯರ ಹೆಬ್ಬೆರಳು ಬಿದ್ದ ಜಾಗ ಅದು! ಕಾರ್ಯದರ್ಶಿಗಳನ್ನು ಕೇಳಿದೆ, ಬೀಗ ತೆಗೆಸಿದರು. ಪೇಪರ್ ಏರಿಸಿ ಒಂದು ಸಾಲು ಹೊಡೆದೆ. ರಿಬ್ಬನ್ ಒಣಗಿ ಹೋಗಿದೆ, ಅಕ್ಷರ ಮೂಡಲಿಲ್ಲ. ಆದರೆ ಸಾಲಿನ ಕೊನೆ ಹತ್ತಿರ ಬಂದಾಗ ಟಿಣ್ ಅಂತ ಗಂಟೆ ಹೊಡೆಯಿತು. ಕೈ ತಾನಾಗೇ ಎಡಗಡೆಯ ಹಿಡಿಗೆ ಹೋಯಿತು. ಓದುತ್ತಿದ್ದ ಹುಡುಗಿ ಎದ್ದು ಬಂದು, "ಆಂಟಿ, ಇನ್ನೊಂದ್ ಸಲ ಹೊಡೀರಿ" ಅಂದಳು. ಗಾಜು ತೆಗೆದುಬಿಡಿ, ಒಂದು ರಿಬ್ಬನ್ ಹುಡುಕಿ ಹಾಕಿ, ಮಕ್ಕಳು ಮುಟ್ಟಲಿ ಅಂತ ಸಂದರ್ಶಕರ ಪುಸ್ತಕದಲ್ಲಿ ಬರೆದು ಬಂದೆ. ರಿಬ್ಬನ್ ನಾನೇ ತರಿಸಿಕೊಡುತ್ತೇನೆ.

ಇಷ್ಟು ಹಳೇ ಮನೆಯ ಮಾತಾಯಿತು. ಈಗ ಮಕ್ಕಳ ಕಡೆ ಬರುತ್ತೇನೆ.

ಸಂಜೆ ಪಾಠ, ಕಬಡ್ಡಿ, ಕಂಪ್ಯೂಟರ್, ನಾಟಕ ನಾಲ್ಕೂ ಈಗ ಕ್ಯಾತ್ಸಂದ್ರದಲ್ಲಿ, ಮುಚ್ಚಿಹೋಗಿದ್ದ ಒಂದು ಅಕ್ಕಿ ಮಿಲ್ಲಿನ ಶೆಡ್ಡಿನಲ್ಲಿ. ಒಳಗೆ ಕಾಲಿಟ್ಟಾಗ ಮೊದಲು ಕಣ್ಣಿಗೆ ಬಿದ್ದದ್ದು ಜಾಗ. ಗಂಡುಮಕ್ಕಳ ಕಬಡ್ಡಿ ಅಂಕಣ 13 ಮೀಟರ್ ಉದ್ದ, 10 ಮೀಟರ್ ಅಗಲ. ಹೆಣ್ಣುಮಕ್ಕಳದ್ದು 12ಕ್ಕೆ 8. ಚಿಕ್ಕಪೇಟೆಯ ತೊಟ್ಟಿಯಲ್ಲಿ ಅದರ ಅರ್ಧವೂ ಇರಲಿಲ್ಲ. ಆಡುವಾಗ ಕಲ್ಲಿನ ಕಂಬಗಳಿಗೆ ಗೋಣಿಚೀಲ ಸುತ್ತುತ್ತಿದ್ದೆವು. ಆದರೂ ನನ್ನ ಮಗ ಒಂದು ಸಲ ಭುಜ ತಗುಲಿಸಿಕೊಂಡು ಹದಿನೈದು ದಿನ ಕೈ ಎತ್ತಲಾಗದೆ ಕೂತಿದ್ದ. ಇಲ್ಲಿ ಪೂರ್ತಿ ಅಂಕಣ ಇದೆ, ಕೆಳಗೆ ಮ್ಯಾಟ್ ಇದೆ. ಅವನು ಗೆರೆ ಮುಟ್ಟಿ ಪೂರ್ತಿ ಮೈ ಚಾಚಿ ಬಿದ್ದದ್ದನ್ನು ನಾನು ನೋಡಿದ್ದು ಇದೇ ಮೊದಲು.

ಕಂಪ್ಯೂಟರ್ ಹತ್ತು ಇವೆ, ಒಂಬತ್ತು ಕೆಲಸ ಮಾಡುತ್ತವೆ. ನನ್ನ ಕಸುಬು ಇದೇ ಆದ್ದರಿಂದ ಹತ್ತಿರ ನಿಂತು ನೋಡಿದೆ. ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸದಲ್ಲಿ ಕನ್ನಡ ಟೈಪಿಂಗ್ ಹೇಳಿಕೊಡುತ್ತಾರೆ. ನುಡಿ ತಂತ್ರಾಂಶ, ಯೂನಿಕೋಡ್ ಎರಡೂ ಇವೆ. ಮಕ್ಕಳು ಒತ್ತಕ್ಷರಕ್ಕೆ ತಡವರಿಸುವುದಿಲ್ಲ. ಹೇಳಿಕೊಡುವ ಹುಡುಗಿ ಹಿಂದೆ ನಮ್ಮ ಚಿಕ್ಕಪೇಟೆಯಲ್ಲೇ ಕಲಿತವಳು. ಅವಳ ತರಗತಿಗೆ ಪೂರ್ತಿ ಅಂಕ.

ಶೆಡ್ಡಿಗೆ ತಗಡಿನ ಮಾಡು. ಮಧ್ಯಾಹ್ನದ ಬಿಸಿಲು ಸಂಜೆ ಐದಾದರೂ ಇಳಿಯುವುದಿಲ್ಲ. ಮಳೆ ಬಂದರೆ ಪಾಠ ನಿಲ್ಲುತ್ತದೆ, ಮೇಷ್ಟ್ರ ಮಾತು ಎರಡನೇ ಸಾಲಿಗೂ ಕೇಳುವುದಿಲ್ಲ. ನಾಟಕದ ಮಕ್ಕಳಿಗೆ ಇದರಿಂದ ತುಂಬಾ ತೊಂದರೆ. ಗುಬ್ಬಿ ಇಲ್ಲಿಂದ 20 ಕಿಲೋಮೀಟರ್ ಅಷ್ಟೆ. 1884ರಲ್ಲಿ ಅಲ್ಲಿ ಹುಟ್ಟಿದ ನಾಟಕ ಕಂಪನಿ ವೀರಣ್ಣನವರ ಕೈಯಲ್ಲಿ ನಾಡಿಗೆಲ್ಲ ಹೆಸರಾಯಿತು. ನಮ್ಮೂರಿನ ಕಲಾಕ್ಷೇತ್ರಕ್ಕೂ ಅವರದೇ ಹೆಸರು. ಇಂಥ ಊರಿನ ಮಕ್ಕಳು ತಗಡಿನ ಕೆಳಗೆ ಕಿರುಚಿ ಕಿರುಚಿ ಗಂಟಲು ಕಟ್ಟಿಸಿಕೊಳ್ಳುತ್ತಿದ್ದಾರೆ. ಹಳೇ ಮನೆಯ ಪಡಸಾಲೆಯಲ್ಲಿ ಮೆಲ್ಲಗೆ ಆಡಿದ ಮಾತೂ ಕೊನೆಯವರೆಗೆ ಕೇಳುತ್ತಿತ್ತು.

ಇದಕ್ಕಿಂತ ದೊಡ್ಡ ಕಷ್ಟ ದಾರಿಯದು. ಚಿಕ್ಕಪೇಟೆಗೆ ಮಕ್ಕಳು ನಡೆದು ಬರುತ್ತಿದ್ದರು. ಶಾಲೆಯಿಂದ ಬಂದು, ಮುಖ ತೊಳೆದು, ಒಂದು ಲೋಟ ಹಾಲು ಕುಡಿದು, ಐದು ನಿಮಿಷಕ್ಕೆ ಅಲ್ಲಿ. ಈಗ ಟೌನ್‌ಹಾಲ್ ಸರ್ಕಲ್ಲಿಗೆ ಹೋಗಿ, ಬಸ್ಸಿಗೆ ಕಾದು, ಬಿ.ಎಚ್. ರಸ್ತೆಯಲ್ಲಿ ಐದಾರು ಕಿಲೋಮೀಟರ್ ಹೋಗಬೇಕು. 2023ರ ಜೂನ್ 11ರಿಂದ ಶಕ್ತಿ ಯೋಜನೆ ಇರುವುದರಿಂದ ಹುಡುಗಿಯರಿಗೆ ಟಿಕೆಟ್ ದುಡ್ಡಿನ ಚಿಂತೆ ಇಲ್ಲ, ಗುರುತಿನ ಚೀಟಿ ಇದ್ದರೆ ಸಾಕು. ಅವರಿಗೆ ಇರುವ ಕಷ್ಟ ಬೇರೆ. ಪಾಠ ಬಿಡುವುದು ಏಳೂವರೆಗೆ. ಬಸ್‌ ಸ್ಟಾಪಿಗೆ ಬರಲು ಸರ್ವೀಸ್ ರಸ್ತೆ ದಾಟಬೇಕು. ಅಲ್ಲಿ ಬೀದಿ ದೀಪ ಇಲ್ಲ. ಆ ಹೊತ್ತಿಗೆ ಬರುವ ಬಸ್ಸುಗಳಲ್ಲಿ ಕಾಲಿಡಲೂ ಜಾಗ ಇರುವುದಿಲ್ಲ. ಎರಡನೇ ಸಲ ಹೋದಾಗ ನನ್ನ ತಂಗಿ ಮಗಳ ಜೊತೆ ನಾನೂ ಬಸ್ಸಲ್ಲೇ ವಾಪಸು ಬಂದೆ. ಮೂರನೇ ಬಸ್ಸಿಗೆ ಹತ್ತಲು ಆಯಿತು. ಅವಳು ಒಂಬತ್ತನೇ ಕ್ಲಾಸು. ಬ್ಯಾಗನ್ನು ಎದೆಗೆ ಅವುಚಿಕೊಂಡು ಟೌನ್‌ಹಾಲ್ ಬರುವವರೆಗೂ ನಿಂತೇ ಇದ್ದಳು, ಒಂದು ಮಾತೂ ಆಡಲಿಲ್ಲ. ಮನೆ ಮುಟ್ಟಿದಾಗ ಎಂಟೂಮುಕ್ಕಾಲು. ಮಾರನೇ ವಾರದಿಂದ ನನ್ನ ತಂಗಿ ಅವಳನ್ನು ಬಿಡಿಸಿಬಿಟ್ಟಳು. ಯಾಕೆ ಬಿಡಿಸಿದೆ ಅಂತ ಕೇಳಲು ನನಗೆ ಬಾಯಿ ಬರಲಿಲ್ಲ.

ಹಾಜರಿ ಪುಸ್ತಕ ತೋರಿಸಿ ಅಂದೆ, ತೋರಿಸಿದರು. ಪೇಟೆ ಬೀದಿಗಳಿಂದ ಬರುತ್ತಿದ್ದ ಹೈಸ್ಕೂಲು ಹುಡುಗಿಯರು 22. ಈಗ ಬರುತ್ತಿರುವವರು 9.

ಅದೇ ಪುಸ್ತಕದಲ್ಲಿ ಇನ್ನೊಂದೂ ಕಂಡಿತು. ಕ್ಯಾತ್ಸಂದ್ರ ಸುತ್ತಮುತ್ತಲಿಂದ 41 ಹೊಸ ಮಕ್ಕಳು ಸೇರಿದ್ದಾರೆ. ಗಾರೆ ಕೆಲಸದವರ ಮಕ್ಕಳು, ಗ್ಯಾರೇಜಿನವರ ಮಕ್ಕಳು, ಇಡ್ಲಿ ಹೋಟೆಲುಗಳಲ್ಲಿ ಕೆಲಸ ಮಾಡುವವರ ಮಕ್ಕಳು. ಇವರು ಯಾರೂ ಚಿಕ್ಕಪೇಟೆವರೆಗೆ ಬರುತ್ತಿರಲಿಲ್ಲ. ಮೊದಲ ಸಾಲಲ್ಲಿ ಕೂತಿದ್ದ ಹುಡುಗನೊಬ್ಬ ಮಗ್ಗಿ ಹೇಳುತ್ತಾ ಹೇಳುತ್ತಾ ಹದಿಮೂರರ ಮಗ್ಗಿಯಲ್ಲಿ ನಿಂತ. ಪಕ್ಕದವನು ಕಿವಿಯಲ್ಲಿ ಹೇಳಿಕೊಟ್ಟ. ಮೇಷ್ಟ್ರು ಕೇಳಿಸಿಕೊಂಡರೂ ಸುಮ್ಮನಿದ್ದರು. ಈ ಮಕ್ಕಳನ್ನು ನೋಡಿದ ಮೇಲೆ ಶೆಡ್ಡು ಬೇಡ, ಎಲ್ಲರೂ ವಾಪಸು ಬನ್ನಿ ಅಂತ ನಾನು ಹೇಳಲಾರೆ. ಶೆಡ್ಡು ಇರಲೇಬೇಕು.

ಹಾಗಂತ ಆ ಹದಿಮೂರು ಹುಡುಗಿಯರನ್ನು ಬಿಟ್ಟುಬಿಡಲು ಆಗುತ್ತದಾ? ಪಡಸಾಲೆ ಬಾಡಿಗೆಗೆ ಹೋಗುವುದು ಹೆಚ್ಚಾಗಿ ಶುಕ್ರವಾರ, ಭಾನುವಾರ. ಲೆಕ್ಕದ ಹಲಗೆಯಲ್ಲೇ ಅದು ಕಾಣುತ್ತದೆ. ಸೋಮವಾರದಿಂದ ಗುರುವಾರ ಸಂಜೆ ಐದರಿಂದ ಏಳು ಅದು ಖಾಲಿ ಬಿದ್ದಿರುತ್ತದೆ. ಅಲ್ಲೇ ಹೈಸ್ಕೂಲು ಹುಡುಗಿಯರಿಗೆ ಪಾಠ ನಡೆಸಬಹುದು ಅಲ್ವಾ? ನಾಟಕದ ಮಕ್ಕಳೂ ವಾರಕ್ಕೊಮ್ಮೆ ಶನಿವಾರ ಮಧ್ಯಾಹ್ನ ಅಲ್ಲಿಗೇ ಬರಲಿ. ಕಬಡ್ಡಿ, ಕಂಪ್ಯೂಟರ್ ಶೆಡ್ಡಿನಲ್ಲೇ ಇರಲಿ. ಓದುವ ಕೋಣೆಯಲ್ಲಿ ಟಿಇಟಿಗೆ ಓದುತ್ತಿರುವ ಇಬ್ಬರನ್ನು ಕೇಳಿದೆ. ವಾರಕ್ಕೆ ಎರಡು ದಿನ ಗಣಿತ, ವಿಜ್ಞಾನ ಹೇಳಿಕೊಡಲು ಒಪ್ಪಿದ್ದಾರೆ. ತಿಂಗಳ ಫೀಸು ಬಿಟ್ಟರೆ ಸಾಕಂತೆ.

ಕಾರ್ಯದರ್ಶಿಗಳು ಮೊದಲು ಹಿಂದೆ ಮುಂದೆ ನೋಡಿದರು. "ನೋಡಮ್ಮಾ, ಆ ದಿನಗಳಲ್ಲೂ ಬುಕಿಂಗ್ ಬಂದ್ರೆ ಏನ್ಮಾಡೋದು? ಶೆಡ್ ಬಾಡಿಗೆ ಯಾರ್ ಕಟ್ತಾರೆ?" ಅಂದರು. ಅವರ ಚಿಂತೆ ಸುಳ್ಳಲ್ಲ. ಆದರೆ ಎರಡು ತಿಂಗಳಲ್ಲಿ ಸೋಮವಾರದಿಂದ ಗುರುವಾರದವರೆಗೆ ಬಂದ ಬುಕಿಂಗ್ ಮೂರೇ ಮೂರು. ಅವರ ಹಲಗೆಯ ಮುಂದೆಯೇ ಕರೆದುಕೊಂಡು ಹೋಗಿ ತೋರಿಸಿದೆ. ಬರೆದು ಕೊಡಿ, ಸಮಿತಿ ಮುಂದೆ ಇಡುತ್ತೇನೆ ಅಂದರು.

ಹೋಗುವವರಿಗೆ ಒಂದೆರಡು ಮಾತು. ಓದುವ ಕೋಣೆಗೆ ಸೇರಲು ಆಧಾರ್ ಪ್ರತಿ, ಒಂದು ಫೋಟೋ ಸಾಕು. ಸೀಟು ಬೇಗ ತುಂಬುತ್ತದೆ, ತಿಂಗಳ ಒಂದನೇ ತಾರೀಕೇ ಹೋಗಿ. ಪಡಸಾಲೆ ಬೇಕಾದವರು ಒಂದು ತಿಂಗಳು ಮುಂಚೆ ಹೇಳಿ. ಗಾಡಿ ನಿಲ್ಲಿಸಲು ಬೀದಿಯಲ್ಲಿ ಜಾಗ ಇಲ್ಲ, ದೂರ ನಿಲ್ಲಿಸಿ ನಡೆದು ಬನ್ನಿ. ದಾನ ಕೊಡುವವರಿಗೆ ಆದಾಯ ತೆರಿಗೆ ವಿನಾಯಿತಿಯ ರಶೀದಿ ಕೊಡುತ್ತಾರೆ, ಆದರೆ 2,000 ರೂಪಾಯಿಗಿಂತ ಜಾಸ್ತಿ ಇದ್ದರೆ ನಗದು ಕೊಡಬೇಡಿ, ವಿನಾಯಿತಿ ಸಿಗುವುದಿಲ್ಲ. ಮನೆಯಲ್ಲಿ ಬೆನ್ನಿಗೆ ಆಸರೆ ಇರುವ ಮರದ ಕುರ್ಚಿ ಸುಮ್ನೆ ಬಿದ್ದಿದ್ದರೆ ತಂದುಕೊಡಿ. ಅವರು ಬೇಡ ಅನ್ನುವುದಿಲ್ಲ, ಕೇಳಿಕೊಂಡೇ ಬಂದಿದ್ದೇನೆ.

ಪತ್ರ ನಿನ್ನೆ ಟೈಪ್ ಮಾಡಿ ಕೊಟ್ಟೆ. ಹದಿಮೂರು ಹುಡುಗಿಯರ ಮನೆಗೂ ಹೋಗಿ ಅಮ್ಮಂದಿರ ಸಹಿ ಹಾಕಿಸಿದ್ದೇನೆ, ನನ್ನ ತಂಗಿಯದೂ ಸೇರಿ. ಸಮಿತಿ ಸಭೆ ಬರುವ ಎರಡನೇ ಭಾನುವಾರ ಬೆಳಗ್ಗೆ ಹತ್ತಕ್ಕೆ, ಚಿಕ್ಕಪೇಟೆಯ ಜಗಲಿ ಮೇಲೆ. ಸದಸ್ಯರಾಗಿರುವವರು ದಯವಿಟ್ಟು ಬನ್ನಿ.